ಕೋಡಿಂಗ್ ಇಂಟರ್ವ್ಯೂನಲ್ಲಿ ಸಮಯ ಸಾಲುತ್ತಿಲ್ಲವೇ? ಸೋರಿಕೆ ಎಲ್ಲಿದೆ ಎಂದು ಹುಡುಕುವ ಬಗೆ

"ಇನ್ನು ಹತ್ತು ನಿಮಿಷ ಸಿಕ್ಕಿದ್ದರೆ ಮುಗಿಸುತ್ತಿದ್ದೆ" ಎಂದು, ಕೊಟ್ಟ ಸಮಯದೊಳಗೆ ಪ್ರಶ್ನೆಗೆ ಪ್ರೋಗ್ರಾಂ ಬರೆದು ತೋರಿಸಬೇಕಾದ ಕೋಡಿಂಗ್ ಇಂಟರ್ವ್ಯೂ ಮುಗಿಸಿ ಬಂದವರು ಮರುದಿನವೇ ಇನ್ನೂ ನೂರು ಪ್ರಶ್ನೆ ಬಿಡಿಸಲು ಕೂರುತ್ತಾರೆ. ಬಹಳ ಸಲ ಇದು ರೋಗ ಒಂದು, ಔಷಧ ಇನ್ನೊಂದು ಎಂಬಂತಾಗುತ್ತದೆ. ಸಮಯ ಒಂದೇ ಕಡೆ ಸೋರುವುದಿಲ್ಲ. ಕೆಲವರಿಗೆ ಪ್ರಶ್ನೆ ಓದುವಲ್ಲಿ ಹೋಗುತ್ತದೆ, ಕೆಲವರಿಗೆ ದಾರಿ ಆರಿಸುವಲ್ಲಿ, ಕೆಲವರಿಗೆ ಕೋಡ್ ಬರೆಯುವಲ್ಲಿ. ತಪ್ಪು ಹುಡುಕುವಲ್ಲಿ ಕಳೆದುಕೊಳ್ಳುವವರೇ ಹೆಚ್ಚು. ಎಲ್ಲಿ ಹೋಗುತ್ತಿದೆ ಎಂದು ಅಳೆಯದೆ ಅಭ್ಯಾಸ ಹೆಚ್ಚಿಸಿದರೆ, ಚೆನ್ನಾಗಿರುವ ಭಾಗ ಇನ್ನಷ್ಟು ಚೆನ್ನಾಗುತ್ತದೆ, ಕೆಟ್ಟ ಭಾಗ ಹಾಗೇ ಉಳಿಯುತ್ತದೆ.

ಆದ್ದರಿಂದ ಕೆಳಗಿನ ಭಾಗಗಳನ್ನು ನಿಮಗೆ ಕಾಣುವ ಲಕ್ಷಣದಿಂದ ಓದಿ. ಮೊದಲ ಎರಡು ಮಾತ್ರ ಎಲ್ಲರಿಗೂ.

ಮೊದಲು ಹೊರಗಿನ ತೊಂದರೆಗಳು (ಖರ್ಚಿಲ್ಲದ ತಪಾಸಣೆ)

ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯುತ್ತದೆ, ರೂಟರ್ ಉಳಿಯುವುದಿಲ್ಲ. ಮನೆಯಲ್ಲಿ ಯುಪಿಎಸ್ ಇದ್ದರೆ ರೂಟರ್‌ನ ಪ್ಲಗ್ ಅದಕ್ಕೆ ಸೇರಿದೆಯೇ ನೋಡಿ. ಇಲ್ಲದಿದ್ದರೆ ಫೋನ್‌ನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪನ್ನು ಹಿಂದಿನ ದಿನವೇ ಒಮ್ಮೆ ಜೋಡಿಸಿ ಪಾಸ್‌ವರ್ಡ್ ಉಳಿಸಿಕೊಳ್ಳಿ. ಇಂಟರ್ವ್ಯೂ ನಡುವೆ ಇದನ್ನು ಮಾಡಲು ಹೋದರೆ ನಾಲ್ಕೈದು ನಿಮಿಷ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಗಮನ ಹೋಗುತ್ತದೆ.

ಯಾವ ಎಡಿಟರ್‌ನಲ್ಲಿ (ಕೋಡ್ ಬರೆಯುವ ತಂತ್ರಾಂಶ) ಬರೆಯಬೇಕು ಎಂದು ರಿಕ್ರೂಟರ್‌ಗೆ (ಕಂಪನಿಯ ನೇಮಕಾತಿ ನೋಡಿಕೊಳ್ಳುವವರು) ಮೊದಲೇ ಕೇಳಿ. ಕೋಡ್ ಓಡಿಸಲು ಬರುವ ಎಡಿಟರೋ, ಬರೀ ಬರೆಯುವ ಹಾಳೆಯೋ ಎಂಬುದರ ಮೇಲೆ ತಯಾರಿ ಪೂರ್ತಿ ಬದಲಾಗುತ್ತದೆ. ಮನೆಯಿಂದ ಬರೆಯುವ ಆನ್‌ಲೈನ್ ಪರೀಕ್ಷೆಯಾದರೆ ಬೇರೆ ಟ್ಯಾಬ್ ತೆರೆದದ್ದೂ ದಾಖಲಾಗಬಹುದು. ನಿಯಮಗಳ ಪುಟವನ್ನು ಟೈಮರ್ ಒತ್ತುವ ಮೊದಲೇ ಓದಿ. ಕಾಗದ, ಪೆನ್ನು ಮತ್ತು ಕಣ್ಣಿಗೆ ಕಾಣುವ ಗಡಿಯಾರ ಕೈಗೆಟಕುವಲ್ಲಿರಲಿ.

ಅಳತೆ: ಐದು ಗುರುತುಗಳು

45 ನಿಮಿಷದ ಸುತ್ತು ಎಂದರೆ ಕೋಡಿಂಗ್‌ಗೆ 45 ನಿಮಿಷ ಸಿಗುವುದಿಲ್ಲ. ಪರಿಚಯಕ್ಕೆ 5, ಕೊನೆಯಲ್ಲಿ ನಿಮ್ಮ ಪ್ರಶ್ನೆಗಳಿಗೆ 5 ಹೋದರೆ ಉಳಿಯುವುದು ಸುಮಾರು 35. ಹಿಂದೆ ನೋಡಿರದ ಮಧ್ಯಮ ಮಟ್ಟದ ಒಂದು ಪ್ರಶ್ನೆ ತೆಗೆದುಕೊಳ್ಳಿ. ಸ್ಕ್ರೀನ್ ರೆಕಾರ್ಡ್ ಹಾಕಿ, ಜೋರಾಗಿ ಮಾತಾಡುತ್ತಾ 35 ನಿಮಿಷದಲ್ಲಿ ಬಿಡಿಸಿ. ಆಮೇಲೆ ರೆಕಾರ್ಡಿಂಗ್ ನೋಡಿ ಈ ಐದು ಸಮಯಗಳನ್ನು ಬರೆದುಕೊಳ್ಳಿ: ಪ್ರಶ್ನೆ ಅರ್ಥವಾದದ್ದು, ಉದಾಹರಣೆಯನ್ನು ಕೈಯಲ್ಲಿ ಬಿಡಿಸಿದ್ದು, ದಾರಿ ತೀರ್ಮಾನವಾದದ್ದು, ಕೋಡ್ ಬರೆದು ಮುಗಿಸಿದ್ದು, ಪರೀಕ್ಷಿಸಿ ಮುಗಿಸಿದ್ದು.

ಹೋಲಿಸಿ ನೋಡಲು ಒಂದು ಅಂದಾಜು: 3ನೇ ನಿಮಿಷ, 6ನೇ ನಿಮಿಷ, 12ನೇ ನಿಮಿಷ, 26ನೇ ನಿಮಿಷ, 32ನೇ ನಿಮಿಷ. ಒಂದೆರಡು ನಿಮಿಷ ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಡಿ. ಯಾವುದೋ ಒಂದು ಅಂತರ ಈ ಅಂದಾಜಿಗಿಂತ ಐದು ನಿಮಿಷಕ್ಕೂ ಹೆಚ್ಚು ಹಿಗ್ಗಿದ್ದರೆ ಅದೇ ನಿಮ್ಮ ಸೋರಿಕೆ. ಒಂದೇ ರೆಕಾರ್ಡಿಂಗ್ ನಂಬಬೇಡಿ, ಪ್ರಶ್ನೆಯೇ ವಿಚಿತ್ರವಾಗಿರಬಹುದು. ಮೂರು ರೆಕಾರ್ಡಿಂಗ್ ಮಾಡಿ, ಮೂರರಲ್ಲೂ ಅದೇ ಜಾಗ ಹಿಗ್ಗಿದ್ದರೆ ಆಗ ಔಷಧ ಹುಡುಕಿ.

ಲಕ್ಷಣ: "ಹತ್ತು ನಿಮಿಷ ಆಯ್ತು, ಒಂದು ಸಾಲೂ ಬರೆದಿಲ್ಲ"

ಇದಕ್ಕೆ ಎರಡು ಕಾರಣಗಳಿರಬಹುದು, ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಪ್ರಶ್ನೆ ಅರ್ಥವಾಗಿಲ್ಲ, ಅಥವಾ ಅರ್ಥವಾಗಿದೆ ಆದರೆ ದಾರಿ ಹೊಳೆಯುತ್ತಿಲ್ಲ. ಬೇರ್ಪಡಿಸುವುದು ಸುಲಭ. ನಾಲ್ಕೈದು ಸಂಖ್ಯೆಗಳ ಒಂದು ಉದಾಹರಣೆಗೆ ಉತ್ತರವನ್ನು ಕಾಗದದ ಮೇಲೆ ಕೈಯಲ್ಲೇ ಕಂಡುಹಿಡಿಯಿರಿ. ಬರದಿದ್ದರೆ ಪ್ರಶ್ನೆ ಅರ್ಥವಾಗಿಲ್ಲ, ಇಂಟರ್ವ್ಯೂ ಮಾಡುವವರನ್ನೇ ಕೇಳಬೇಕು.

ಕೇಳುವ ಪ್ರಶ್ನೆ ದಾರಿಯನ್ನು ಬದಲಿಸುವಂಥದ್ದಾಗಿರಲಿ. ಸಂಖ್ಯೆಗಳ ಒಂದು ಸರಣಿಯಲ್ಲಿ ಮೊತ್ತ ಸರಿಯಾಗಿ ಕೊಟ್ಟ ಸಂಖ್ಯೆ "ಕೆ" ಆಗುವ ನಿರಂತರ ತುಂಡುಗಳೆಷ್ಟು ಎಂಬ ಪರಿಚಿತ ಪ್ರಶ್ನೆಯನ್ನೇ ನೋಡಿ. ಎಲ್ಲ ಸಂಖ್ಯೆಗಳೂ ಧನವಾಗಿದ್ದರೆ ಸ್ಲೈಡಿಂಗ್ ವಿಂಡೋ (ಸರಣಿಯ ಮೇಲೆ ಹಿಗ್ಗಿ ಕುಗ್ಗುತ್ತಾ ಸರಿಯುವ ತುಂಡು) ಸಾಕು: ಮೊತ್ತ ಹೆಚ್ಚಾದರೆ ಎಡಗಡೆಯಿಂದ ಕಿರಿದು ಮಾಡಿದರಾಯಿತು. ಋಣ ಸಂಖ್ಯೆ ಒಂದಿದ್ದರೂ ಈ ಉಪಾಯ ಮುರಿಯುತ್ತದೆ, ಏಕೆಂದರೆ ಬಲಕ್ಕೆ ಹಿಗ್ಗಿಸಿದಾಗ ಮೊತ್ತ ಕಡಿಮೆಯೂ ಆಗಬಹುದು. ಆಗ ಪ್ರಿಫಿಕ್ಸ್ ಮೊತ್ತ (ಆರಂಭದಿಂದ ಅಲ್ಲಿಯವರೆಗಿನ ಮೊತ್ತ) ಮತ್ತು ಹ್ಯಾಶ್ ಮ್ಯಾಪ್ (ಕೀ ಕೊಟ್ಟರೆ ಅದರ ಬೆಲೆಯನ್ನು ತಕ್ಷಣ ಕೊಡುವ ಕೋಷ್ಟಕ) ಬೇಕು. "ಋಣ ಸಂಖ್ಯೆಗಳು ಬರಬಹುದೇ?" ಎಂದು ಕೇಳಲು ಐದು ಸೆಕೆಂಡ್ ಸಾಕು. ಕೇಳದೆ ವಿಂಡೋ ಬರೆದವರು ಅದನ್ನು ಅಳಿಸಿ ಮತ್ತೆ ಬರೆಯಬೇಕಾಗುತ್ತದೆ.

ಪ್ರಶ್ನೆ ಅರ್ಥವಾಗಿಯೂ ದಾರಿ ಹೊಳೆಯದಿದ್ದರೆ, ಅತಿ ನಿಧಾನದ ನೇರ ಉತ್ತರವನ್ನು ಬಾಯಲ್ಲಿ ಹೇಳಿ, ಅದರ ಸಮಯ ಸಂಕೀರ್ಣತೆ (ಇನ್‌ಪುಟ್ ಬೆಳೆದಂತೆ ಹೆಜ್ಜೆಗಳು ಎಷ್ಟು ಬೆಳೆಯುತ್ತವೆ ಎಂಬುದು) ಹೇಳಿ. ಆಮೇಲೆ ಕೊಟ್ಟಿರುವ ಮಿತಿ, ಅಂದರೆ ಇನ್‌ಪುಟ್‌ನ ಗಾತ್ರ (ಎನ್) ಎಷ್ಟಿರಬಹುದು ಎಂದು ನೋಡಿ. ಮಿತಿಯೇ ಅರ್ಧ ಸುಳಿವು:

- ಎನ್ 20ರ ಒಳಗೆ: ಎಲ್ಲ ಉಪಗಣಗಳನ್ನೂ ನೋಡಬಹುದು, ಅವು 10,48,576 ಮಾತ್ರ.
- 500ರ ಹತ್ತಿರ: ಮೂರು ಲೂಪ್ (ಅದೇ ಕೆಲಸವನ್ನು ಮರಳಿ ಮರಳಿ ಮಾಡುವ ಸುತ್ತು) ಒಂದರೊಳಗೊಂದು, ಸುಮಾರು 12.5 ಕೋಟಿ ಹೆಜ್ಜೆ.
- 5,000: ಎರಡು ಲೂಪ್, 2.5 ಕೋಟಿ.
- 1 ಲಕ್ಷದಿಂದ 2 ಲಕ್ಷ: ಸಾರ್ಟಿಂಗ್ (ಕ್ರಮವಾಗಿ ಜೋಡಿಸುವುದು), ಹೀಪ್ (ಅತಿ ದೊಡ್ಡದನ್ನೋ ಅತಿ ಚಿಕ್ಕದನ್ನೋ ಬೇಗ ಕೊಡುವ ರಚನೆ) ಅಥವಾ ಬೈನರಿ ಸರ್ಚ್ (ಪ್ರತಿ ಸಲ ನಡುವಿನದನ್ನು ನೋಡಿ ಅರ್ಧ ಬಿಟ್ಟು ಹುಡುಕುವುದು).
- 10 ಲಕ್ಷ: ಒಂದೇ ಸುತ್ತು, ಹ್ಯಾಶ್ ಮ್ಯಾಪ್, ಎರಡು ಪಾಯಿಂಟರ್ (ಸರಣಿಯಲ್ಲಿ ಸರಿಯುವ ಎರಡು ಗುರುತು).
- 100 ಕೋಟಿ ಅಥವಾ ಹೆಚ್ಚು: ಎನ್‌ವರೆಗೆ ಲೂಪ್ ಓಡಿಸುವ ಮಾತೇ ಇಲ್ಲ. ಉತ್ತರದ ಮೇಲೇ ಬೈನರಿ ಸರ್ಚ್, ಇಲ್ಲವೇ ಗಣಿತ.

ಲೈವ್ ಇಂಟರ್ವ್ಯೂನಲ್ಲಿ ಮಿತಿ ಬರೆದಿರುವುದಿಲ್ಲ. ಕೇಳಿ, ಹೇಳುತ್ತಾರೆ.

ನಿಲ್ಲಿಸಬೇಕಾದ ಹೊತ್ತು: 12ನೇ ನಿಮಿಷಕ್ಕೂ ಉತ್ತಮ ದಾರಿ ಸಿಗದಿದ್ದರೆ ನೇರ ಉತ್ತರವನ್ನೇ ಬರೆಯಲು ತೊಡಗಿ. ಕೆಲಸ ಮಾಡುವ ನಿಧಾನದ ಕೋಡ್ ಕೈಯಲ್ಲಿದ್ದರೆ ಅದರಲ್ಲಿ ಯಾವ ಕೆಲಸ ಮತ್ತೆ ಮತ್ತೆ ಆಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಎಷ್ಟೋ ಸಲ ಉತ್ತಮ ದಾರಿ ಹೊಳೆಯುವುದು ಆಗಲೇ.

ಲಕ್ಷಣ: "ದಾರಿ ಗೊತ್ತು, ಕೈ ಓಡುವುದಿಲ್ಲ"

ದಾರಿ 10ನೇ ನಿಮಿಷಕ್ಕೆ ತೀರ್ಮಾನವಾಗಿ, ಕೋಡ್ 30ಕ್ಕೂ ಮುಗಿದಿಲ್ಲ ಎಂದರೆ ಯೋಚನೆಯ ದೋಷವಲ್ಲ, ಕೈಯ ದೋಷ. ದಿನವೂ ಆಟೋಕಂಪ್ಲೀಟ್ ಇರುವ ಎಡಿಟರ್‌ನಲ್ಲೋ ಎಐ ಸಹಾಯಕನ ಜೊತೆಗೋ ಕೆಲಸ ಮಾಡುವ ಅನುಭವಸ್ಥರಲ್ಲಿ ಇದು ಹೊಸಬರಿಗಿಂತ ಹೆಚ್ಚು. ಹೀಪ್‌ಗೆ ಹೋಲಿಕೆಯ ನಿಯಮ ಕೊಡುವುದು ಹೇಗೆ, ಮ್ಯಾಪ್‌ನಲ್ಲಿ ಇಲ್ಲದ ಕೀಗೆ ಸೊನ್ನೆ ಕೊಡುವುದು ಹೇಗೆ ಎಂಬುದು ಎಡಿಟರ್‌ಗೆ ಗೊತ್ತಿರುತ್ತದೆ, ಬೆರಳಿಗೆ ಮರೆತಿರುತ್ತದೆ.

ತಪಾಸಣೆ: ಸಹಾಯ ಎಲ್ಲ ಆರಿಸಿದ ಖಾಲಿ ಎಡಿಟರ್‌ನಲ್ಲಿ ಇವನ್ನು ಬರೆಯಿರಿ. ಬೈನರಿ ಸರ್ಚ್ 4 ನಿಮಿಷದೊಳಗೆ, ಗ್ರಿಡ್ (ಚೌಕಗಳ ಜಾಲ) ಮೇಲೆ ಬಿಎಫ್‌ಎಸ್ (ಹತ್ತಿರದ ಕೋಶಗಳಿಂದ ತೊಡಗಿ ಸುತ್ತು ಸುತ್ತಾಗಿ ಹುಡುಕುವುದು) 8 ನಿಮಿಷದೊಳಗೆ, ಎರಡು ಕೀಗಳ ಮೇಲೆ ಸಾರ್ಟಿಂಗ್ 2 ನಿಮಿಷದೊಳಗೆ, ಹೀಪ್ ಬಳಸಿ ಅತಿ ದೊಡ್ಡ "ಕೆ"ಯಷ್ಟು ಸಂಖ್ಯೆಗಳು 5 ನಿಮಿಷದೊಳಗೆ. ಯಾವುದು ಮೀರಿತೋ ಅದನ್ನು ದಿನಕ್ಕೊಮ್ಮೆಯಂತೆ ಒಂದು ವಾರ ಕೈಯಿಂದ ಬರೆಯಿರಿ. ಹೊಸ ಪ್ರಶ್ನೆ ಬಿಡಿಸುವುದರಿಂದ ಈ ದೋಷ ಹೋಗುವುದಿಲ್ಲ.

ಇಂಟರ್ವ್ಯೂಗೆ ಒಂದೇ ಭಾಷೆ ಇಟ್ಟುಕೊಳ್ಳಿ. ಪೈಥಾನ್ ಚಿಕ್ಕದು ಎಂದು ಕೊನೆಯ ವಾರದಲ್ಲಿ ಜಾವಾ ಬಿಟ್ಟು ಅದಕ್ಕೆ ಹಾರಬೇಡಿ. ಉಳಿಯುವುದು ಹತ್ತು ಸಾಲು, ಕಳೆಯುವುದು ಭರವಸೆ. ಇನ್ನೊಂದು ಉಪಾಯ: ಮುಖ್ಯ ಫಂಕ್ಷನ್ ಮೊದಲು ಬರೆಯಿರಿ, ಸಣ್ಣ ಸಹಾಯಕ ಫಂಕ್ಷನ್‌ಗೆ ಹೆಸರಷ್ಟೇ ಇಟ್ಟು ಮುಂದೆ ಹೋಗಿ. "ಇದು ಗಡಿಯೊಳಗಿದೆಯೇ ಎಂದು ನೋಡುವ ಫಂಕ್ಷನ್, ಕೊನೆಗೆ ತುಂಬುತ್ತೇನೆ" ಎಂದರೆ ಸಾಕು. ಸಮಯ ಮುಗಿದರೂ ತರ್ಕ ಪೂರ್ತಿ ಕಾಣುತ್ತದೆ.

ಲಕ್ಷಣ: "ಕೋಡ್ ಮುಗಿಯಿತು, ಉತ್ತರ ತಪ್ಪು, ಉಳಿದ ಸಮಯವೆಲ್ಲ ಅಲ್ಲೇ ಹೋಯಿತು"

ಹೆಚ್ಚಿನ ಇಂಟರ್ವ್ಯೂಗಳು ಕೈತಪ್ಪುವುದು ಇಲ್ಲಿ. 25 ನಿಮಿಷಕ್ಕೆ ಚೆನ್ನಾಗಿ ಬಂದವರು ಉಳಿದ 10 ನಿಮಿಷ ಕಡಿಮೆ ಚಿಹ್ನೆಯನ್ನು (<) ಕಡಿಮೆ-ಅಥವಾ-ಸಮ (<=) ಮಾಡಿ, ಮತ್ತೆ ಬದಲಿಸಿ, ಓಡಿಸುತ್ತಲೇ ಇರುತ್ತಾರೆ. ಯಾಕೆ ಬದಲಿಸಿದೆ ಎಂದು ಹೇಳಲಾಗದೆ ಒಂದು ಸಾಲನ್ನು ಬದಲಿಸಿದ ಕ್ಷಣವೇ ಕೈ ಕೀಬೋರ್ಡ್‌ನಿಂದ ತೆಗೆಯಬೇಕು.

ಮೊದಲು ಲಕ್ಷಣ ಓದಿ, ಅದು ಜಾಗ ತೋರಿಸುತ್ತದೆ. ಸೂಚ್ಯಂಕ ಮೀರಿದ (ಸರಣಿಯಲ್ಲಿ ಇಲ್ಲದ ಸ್ಥಾನ ಕೇಳಿದ) ದೋಷ ಬಂದರೆ ಲೂಪ್‌ನ ಕೊನೆಯ ಸುತ್ತು ನೋಡಿ. ಉತ್ತರ ಸರಿಯಾಗಿ ಒಂದರಿಂದ ತಪ್ಪಿದ್ದರೆ ಆರಂಭದ ಬೆಲೆ (ವೇರಿಯಬಲ್‌ಗೆ ಮೊದಲು ಕೊಟ್ಟ ಮೌಲ್ಯ) ಇಲ್ಲವೇ ಗಡಿಯ ಚಿಹ್ನೆ ನೋಡಿ. ಪ್ರೋಗ್ರಾಂ ನಿಲ್ಲದೆ ಓಡುತ್ತಿದ್ದರೆ ಲೂಪ್‌ನ ಯಾವ ಬೆಲೆ ಬದಲಾಗುತ್ತಿಲ್ಲ ಎಂದು ನೋಡಿ. ಮೊದಲ ಪರೀಕ್ಷೆ ಸರಿ, ಎರಡನೆಯದು ತಪ್ಪು, ಎರಡನೆಯದನ್ನೇ ಒಂಟಿಯಾಗಿ ಓಡಿಸಿದರೆ ಸರಿ ಎಂದಾದರೆ ಹಿಂದಿನ ಓಟದ ಗ್ಲೋಬಲ್ (ಫಂಕ್ಷನ್‌ನ ಹೊರಗಿಟ್ಟ) ಬೆಲೆ ಉಳಿದುಕೊಂಡಿದೆ. ಸಣ್ಣದು ಸರಿ, ದೊಡ್ಡ ಸಂಖ್ಯೆಗೆ ಋಣ ಉತ್ತರ ಬಂದರೆ ಓವರ್‌ಫ್ಲೋ, ಅಂದರೆ ಸಂಖ್ಯೆ ಅದಕ್ಕಿಟ್ಟ ಜಾಗಕ್ಕೆ ಹಿಡಿಸುತ್ತಿಲ್ಲ.

ಪದೇ ಪದೇ ಕಾಣುವ ಐದು ತಪ್ಪುಗಳನ್ನು ಕಂಠಪಾಠ ಮಾಡಿಕೊಳ್ಳುವುದು ಲಾಭ:

ಓವರ್‌ಫ್ಲೋ. ಜಾವಾ, ಸಿ++ಗಳ ಸಾಮಾನ್ಯ ಪೂರ್ಣಾಂಕದ ಬಗೆಯಾದ ಇಂಟ್ 2,14,74,83,647ಕ್ಕೆ ನಿಲ್ಲುತ್ತದೆ. 1 ಲಕ್ಷವನ್ನು 1 ಲಕ್ಷದಿಂದ ಗುಣಿಸಿದರೆ 1,000 ಕೋಟಿ, ಅದು ಹಿಡಿಸುವುದಿಲ್ಲ. ಬೈನರಿ ಸರ್ಚ್‌ನಲ್ಲಿ ಎರಡು ತುದಿ ಕೂಡಿಸಿ ಎರಡರಿಂದ ಭಾಗಿಸುವುದೂ ಇದೇ ತಪ್ಪು. ಜಾವಾದ ಸ್ವಂತ ಲೈಬ್ರರಿಯಲ್ಲೇ ಇದು ವರ್ಷಗಟ್ಟಲೆ ಅಡಗಿದ್ದು 2006ರಲ್ಲಿ ಬೆಳಕಿಗೆ ಬಂತು. ಅದರ ಬದಲು ಕೆಳತುದಿಗೆ ಎರಡು ತುದಿಗಳ ಅಂತರದ ಅರ್ಧ ಸೇರಿಸಿ.

ನಿಲ್ಲದ ಬೈನರಿ ಸರ್ಚ್. ಎರಡೇ ಸ್ಥಾನ ಉಳಿದಾಗ ನಡುವಿನದು ಕೆಳತುದಿಯೇ ಆಗುತ್ತದೆ. ಕೆಳತುದಿಗೆ ನಡುವಿನದನ್ನೇ ಕೊಟ್ಟರೆ ಏನೂ ಬದಲಾಗುವುದಿಲ್ಲ. ನಡುವಿನದನ್ನು ಮೇಲಕ್ಕೆ ದುಂಡಾಗಿಸಿ, ಅಥವಾ ತರ್ಕಕ್ಕೆ ಹೊಂದಿದರೆ ನಡುವಿನದಕ್ಕೆ ಒಂದು ಸೇರಿಸಿ ಕೆಳತುದಿಗೆ ಕೊಡಿ.

ಪೈಥಾನ್‌ನಲ್ಲಿ ಒಂದು ಸಾಲಿನ ಪಟ್ಟಿಯನ್ನು ಗುಣಿಸಿ ಗ್ರಿಡ್ ಮಾಡಿದರೆ ಎಲ್ಲ ಸಾಲುಗಳೂ ಒಂದೇ ಪಟ್ಟಿ. ಒಂದು ಕೋಶ ಬದಲಿಸಿದರೆ ಇಡೀ ಕಂಬಸಾಲು ಬದಲಾಗುತ್ತದೆ. ಪ್ರತಿ ಸಾಲನ್ನೂ ಲೂಪ್‌ನಲ್ಲಿ ಹೊಸದಾಗಿ ಮಾಡಿ.

ಬಿಎಫ್‌ಎಸ್‌ನಲ್ಲಿ "ಭೇಟಿ ಆಯಿತು" ಎಂಬ ಗುರುತನ್ನು ಕೋಶವನ್ನು ಕ್ಯೂಗೆ (ಕಾಯುವ ಸಾಲು) ಸೇರಿಸುವಾಗಲೇ ಹಾಕಬೇಕು. ತೆಗೆಯುವಾಗ ಹಾಕಿದರೆ ಒಂದೇ ಕೋಶ ಹಲವು ಸಲ ಸೇರುತ್ತದೆ. ಉತ್ತರ ಸರಿಯಿದ್ದರೂ ಸಮಯ ಮೀರುತ್ತದೆ.

ಪ್ರಿಫಿಕ್ಸ್ ಮೊತ್ತದಲ್ಲಿ ಮ್ಯಾಪನ್ನು ಖಾಲಿ ಬಿಡುವುದು. ಸರಣಿ 1, −1, 1, ಬೇಕಾದ ಮೊತ್ತ 1 ಎಂದಿಟ್ಟುಕೊಳ್ಳಿ. ಸರಿ ಉತ್ತರ 3: ಮೊದಲ ಒಂದು, ಕೊನೆಯ ಒಂದು, ಇಡೀ ಸರಣಿ. ಮೊದಲೇ "ಮೊತ್ತ 0 ಒಂದು ಸಲ ಬಂದಿದೆ" ಎಂದು ಮ್ಯಾಪ್‌ನಲ್ಲಿ ಹಾಕದಿದ್ದರೆ ಆರಂಭದಿಂದ ಶುರುವಾಗುವ ಎರಡೂ ತುಂಡು ತಪ್ಪಿ ಉತ್ತರ 1 ಬರುತ್ತದೆ.

ಇವು ಯಾವುವೂ ಅಲ್ಲವಾದರೆ, ಮೂರು ಅಂಶಗಳ ಇನ್‌ಪುಟ್ ತೆಗೆದುಕೊಂಡು, ಪ್ರತಿ ಸುತ್ತಿನ ಬೆಲೆಗಳನ್ನು ಕಾಗದದಲ್ಲಿ ಒಂದರ ಕೆಳಗೊಂದು ಬರೆಯಿರಿ. ಎರಡು ನಿಮಿಷ ಹಿಡಿಯುತ್ತದೆ. ವ್ಯರ್ಥ ಎನಿಸಬಹುದು, ಆದರೆ ಕುರುಡಾಗಿ ಹತ್ತು ಸಲ ಓಡಿಸುವುದಕ್ಕಿಂತ ಬೇಗ.

ಇನ್ನೂ ಒಳ್ಳೆಯದು ಇಲ್ಲಿಯವರೆಗೆ ಬಾರದಿರುವುದು. ಓಡಿಸುವ ಮೊದಲು ಖಾಲಿ ಸರಣಿ, ಒಂದೇ ಅಂಶ, ಎಲ್ಲವೂ ಸಮಾನ, ಋಣ ಅಥವಾ ಗಡಿಯ ಸಂಖ್ಯೆ, ಈ ನಾಲ್ಕನ್ನು ಬಾಯಲ್ಲೇ ಓಡಿಸಿ ನೋಡಿ.

ನಿಲ್ಲಿಸಬೇಕಾದ ಹೊತ್ತು: 5 ನಿಮಿಷ ಉಳಿದಿದ್ದು ದೋಷ ಸಿಕ್ಕಿಲ್ಲ ಎಂದಾದರೆ ಕೋಡ್ ಮುಟ್ಟಬೇಡಿ. ಯಾವ ಇನ್‌ಪುಟ್‌ಗೆ ತಪ್ಪುತ್ತಿದೆ, ನಿಮ್ಮ ಅನುಮಾನ ಯಾವ ಸಾಲಿನ ಮೇಲೆ, ಹೇಗೆ ಸರಿಪಡಿಸುತ್ತೀರಿ, ಸಮಯ ಮತ್ತು ಮೆಮೊರಿ ಎಷ್ಟು ಎಂದು ಹೇಳಿ.

ಲಕ್ಷಣ: "ಮಾದರಿ ಪರೀಕ್ಷೆ ಪಾಸ್, ಗುಪ್ತ ಪರೀಕ್ಷೆಯಲ್ಲಿ ಟೈಮ್ ಲಿಮಿಟ್ ಮೀರುತ್ತದೆ"

ಆನ್‌ಲೈನ್ ಪರೀಕ್ಷೆಯ ದೋಷ ಇದು. ಅಲ್ಲಿ ನಿಮಗೆ ಕಾಣದ ಇನ್‌ಪುಟ್‌ಗಳಿಂದಲೂ ಕೋಡನ್ನು ಪರೀಕ್ಷಿಸುತ್ತಾರೆ. ಒಂದು ಸೆಕೆಂಡಿಗೆ ಸಿ++ನಲ್ಲಿ ಸುಮಾರು 10 ಕೋಟಿ ಸರಳ ಹೆಜ್ಜೆ, ಪೈಥಾನ್‌ನಲ್ಲಿ ಸುಮಾರು 1 ಕೋಟಿ ಎಂದು ಲೆಕ್ಕ ಹಿಡಿಯಿರಿ. ಮಿತಿ 1 ಲಕ್ಷ ಇದ್ದು ನಿಮ್ಮದು ಎರಡು ಲೂಪ್ ಆದರೆ 1,000 ಕೋಟಿ ಹೆಜ್ಜೆ. ಯಾವ ಭಾಷೆಯೂ ಉಳಿಸುವುದಿಲ್ಲ, ದಾರಿಯನ್ನೇ ಬದಲಿಸಿ.

ಲೆಕ್ಕ ಸರಿಯಿದ್ದೂ ಮೀರುತ್ತಿದ್ದರೆ ಅಡಗಿದ ಲೂಪ್ ಹುಡುಕಿ. ಪೈಥಾನ್ ಪಟ್ಟಿಯ ಮುಂದಿನಿಂದ ಪಾಪ್ ಮಾಡಿದರೆ ಉಳಿದವೆಲ್ಲ ಸರಿಯುತ್ತವೆ, ಡೆಕ್ (ಎರಡೂ ತುದಿಯಿಂದ ಬೇಗ ತೆಗೆಯಬಹುದಾದ ಸಾಲು) ಬಳಸಿ. ಪಟ್ಟಿಯೊಳಗೆ ಇದೆಯೇ ಎಂದು ಹುಡುಕುವುದೂ ಲೂಪೇ, ಸೆಟ್ ಬಳಸಿ. ಜಾವಾದಲ್ಲಿ ಲೂಪ್‌ನೊಳಗೆ ಸ್ಟ್ರಿಂಗ್ ಕೂಡಿಸುತ್ತಾ ಹೋದರೆ ಪ್ರತಿ ಸಲ ಪೂರ್ತಿ ನಕಲು ಆಗುತ್ತದೆ, ಸ್ಟ್ರಿಂಗ್‌ಬಿಲ್ಡರ್ ಬಳಸಿ. ಲಕ್ಷಗಟ್ಟಲೆ ಸಾಲು ಓದಬೇಕಾದಾಗ ಜಾವಾದ ಸ್ಕ್ಯಾನರ್, ಪೈಥಾನ್‌ನ ಇನ್‌ಪುಟ್ ಎರಡೂ ನಿಧಾನ. ಬಫರ್ಡ್‌ರೀಡರ್ ಮತ್ತು ಸಿಸ್ಟಂ ಇನ್‌ಪುಟ್‌ನಿಂದ ಓದುವ ರೀಡ್‌ಲೈನ್ ಬೇಗ. ಸಮಯದ ಬದಲು ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ದೋಷ ಬಂದರೆ ಪೈಥಾನ್‌ನ ಆಳದ ಮಿತಿ ಮೊದಲಿಗೆ 1,000 ಎಂಬುದು ನೆನಪಿರಲಿ.

ಲಕ್ಷಣ: "ಎರಡನೆಯ ಪ್ರಶ್ನೆ ನೋಡಲೇ ಆಗಲಿಲ್ಲ"

ಫೇಸ್‌ಬುಕ್ ನಡೆಸುವ ಮೆಟಾದಂಥ ಕಂಪನಿಗಳಲ್ಲಿ 45 ನಿಮಿಷದ ಸುತ್ತಿಗೆ ಎರಡು ಪ್ರಶ್ನೆ ರೂಢಿ. ಆಗ ಒಂದಕ್ಕೆ 17 ನಿಮಿಷಕ್ಕಿಂತ ಹೆಚ್ಚು ಕೊಡುವಂತಿಲ್ಲ, ನಿಧಾನದ ಉತ್ತರವನ್ನು ಬರೆಯುವಷ್ಟು ಬಿಡುವೂ ಇಲ್ಲ, ಬಾಯಲ್ಲಿ ಹೇಳಿ ದಾಟಬೇಕು. ಎಷ್ಟು ಪ್ರಶ್ನೆ ಎಂದು ಶುರುವಿನಲ್ಲೇ ಕೇಳಿ. ಆನ್‌ಲೈನ್ ಪರೀಕ್ಷೆಯಲ್ಲಿ ಹಿಂದೆ ಮುಂದೆ ಹೋಗಲು ಬಿಟ್ಟಿದ್ದರೆ ಮೊದಲ 3 ನಿಮಿಷ ಎಲ್ಲ ಪ್ರಶ್ನೆಗಳನ್ನೂ ಓದಿ, ಸುಲಭವಾದದ್ದರಿಂದ ತೊಡಗಿ.

ಲಕ್ಷಣ: "ಒಬ್ಬನೇ ಇದ್ದಾಗ ಬರುತ್ತದೆ, ಯಾರಾದರೂ ನೋಡುತ್ತಿದ್ದರೆ ಬರುವುದಿಲ್ಲ"

ಇದು ನಿಮ್ಮ ಅಸಾಮರ್ಥ್ಯವಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ವಿದ್ಯಾರ್ಥಿಗಳಿದ್ದರು. ಕೆಲವರು ಕೋಣೆಯಲ್ಲಿ ಒಬ್ಬರೇ, ಉಳಿದವರು ಇಂಟರ್ವ್ಯೂ ಮಾಡುವವರ ಎದುರು ಬಿಡಿಸಿದರು. ಎದುರು ಬಿಡಿಸಿದವರ ಸಾಧನೆ ಅರ್ಧಕ್ಕಿಂತಲೂ ಕುಸಿಯಿತು.

ಅಗ್ಗದ ಉಪಾಯ ಮೊದಲು: "ಎರಡು ನಿಮಿಷ ಸುಮ್ಮನೆ ಯೋಚಿಸಲೇ?" ಎಂದು ಕೇಳಿ. ಬೇಡ ಎನ್ನುವವರು ವಿರಳ. ಆ ಎರಡು ನಿಮಿಷದಲ್ಲಿ ಯೋಜನೆಯನ್ನು ಮೂರ್ನಾಲ್ಕು ಕಾಮೆಂಟ್ ಸಾಲುಗಳಾಗಿ ಬರೆಯಿರಿ, ಆಮೇಲೆ ಅದನ್ನು ನೋಡಿಕೊಂಡು ಮಾತಾಡಿ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಹೇಳುವವರಿಗೆ ಇದು ಇನ್ನೂ ಮುಖ್ಯ. ಕನ್ನಡದಲ್ಲಿ ಯೋಚಿಸುವುದರಲ್ಲಿ ದೋಷವೇನಿಲ್ಲ, ಪ್ರತಿ ವಾಕ್ಯವನ್ನೂ ಸ್ಥಳದಲ್ಲೇ ಕಟ್ಟುವುದು ಸಮಯ ತಿನ್ನುತ್ತದೆ. ಪ್ರಶ್ನೆ ಮರುಹೇಳುವುದು, ಮಿತಿ ಕೇಳುವುದು, ಸಂಕೀರ್ಣತೆ ಹೇಳುವುದು, ಸುಳಿವು ಕೇಳುವುದು, ಪರೀಕ್ಷೆ ಶುರು ಮಾಡುವುದು: ಈ ಐದು ಸಂದರ್ಭಗಳಿಗೆ ಎರಡೆರಡು ಇಂಗ್ಲಿಷ್ ವಾಕ್ಯ ಬರೆದಿಟ್ಟು ಬಾಯಿಗೆ ರೂಢಿಸಿಕೊಳ್ಳಿ.

ಮೂರು ನಿಮಿಷ ಒಂದೇ ಕಡೆ ಸಿಕ್ಕಿಕೊಂಡರೆ ಸುಳಿವು ಕೇಳಿ. ಬರೀ "ಸುಳಿವು ಕೊಡಿ" ಎನ್ನಬೇಡಿ. "ಒಳಗಿನ ಲೂಪ್ ಅದೇ ಮೊತ್ತವನ್ನು ಮತ್ತೆ ಮತ್ತೆ ಹುಡುಕುತ್ತಿದೆ, ಅದನ್ನು ಉಳಿಸಿಡಬೇಕು ಎನಿಸುತ್ತಿದೆ, ದಿಕ್ಕು ಸರಿಯೇ?" ಎಂದು ಕೇಳಿದರೆ ಉತ್ತರವೂ ಸಿಗುತ್ತದೆ, ನಿಮ್ಮ ಯೋಚನೆಯೂ ಕಾಣುತ್ತದೆ. ಗುಣವಾಗಲು ಕಡೆಗೆ ಬೇಕಿರುವುದು ಮನುಷ್ಯರ ಎದುರಿನ ಅಭ್ಯಾಸ. ವಾರಕ್ಕೆ ಎರಡು ಸಲ ಗೆಳೆಯರೊಬ್ಬರನ್ನು ಎದುರಿಗೆ ಕೂರಿಸಿ. ಅವರಿಗೆ ಕೋಡ್ ಬರದಿದ್ದರೂ ನಡೆಯುತ್ತದೆ, ನೋಡುವ ಕಣ್ಣು ಬೇಕು ಅಷ್ಟೆ.

ಲಕ್ಷಣ: ಕೈ ನಡುಕ, ಎದೆ ಹೊಡೆತ, ಕಣ್ಣಿಗೆ ಅಕ್ಷರ ಕಾಣದಂತಾಗುವುದು

4 ಸೆಕೆಂಡ್ ಉಸಿರು ಒಳಗೆ, 6 ಸೆಕೆಂಡ್ ಹೊರಗೆ, ಐದು ಸಲ. ಒಂದು ನಿಮಿಷವೂ ಆಗುವುದಿಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದರಿಂದ ಲಾಭವಿಲ್ಲ. ಕಾಫಿ ದಿನದಷ್ಟೇ ಕುಡಿಯಿರಿ, ಧೈರ್ಯಕ್ಕೆಂದು ಇನ್ನೊಂದು ಲೋಟ ಬೇಡ.

ಎಚ್ಚರಿಕೆ: ನಡುಕ ನಿಲ್ಲಿಸಲು ಪ್ರೊಪ್ರಾನಲಾಲ್‌ನಂಥ ಮಾತ್ರೆಯನ್ನು ಗೆಳೆಯರಿಂದ ಪಡೆದು ನುಂಗಬೇಡಿ. ಆಸ್ತಮಾ ಇರುವವರಿಗೆ ಅದು ಜೀವಕ್ಕೇ ಅಪಾಯ. ವೈದ್ಯರು ನೋಡಿ ಬರೆದುಕೊಟ್ಟರೆ ಮಾತ್ರ. ಎದೆನೋವು ಬಂದರೆ ಇಂಟರ್ವ್ಯೂ ಬಿಟ್ಟು ಆಸ್ಪತ್ರೆಗೆ ಹೋಗಿ, ಆತಂಕದ ನೋವೋ ಹೃದಯದ್ದೋ ಎಂದು ನೀವೇ ನಿರ್ಧರಿಸಬೇಡಿ.

ಇಂಟರ್ವ್ಯೂ ಮುಗಿದ ಮೇಲೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರೆ ಅದು ತಯಾರಿಯಿಂದ ಹೋಗುವ ತೊಂದರೆಯಲ್ಲ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಜ್ವರವಿದ್ದರೆ, ಮನೆಯಲ್ಲಿ ಕಷ್ಟವಿದ್ದರೆ ದಿನಾಂಕ ಮುಂದೂಡಲು ರಿಕ್ರೂಟರ್‌ಗೆ ಎರಡು ಸಾಲಿನ ಮೇಲ್ ಬರೆಯಿರಿ. ಇದು ದಿನನಿತ್ಯ ನಡೆಯುವಂಥದ್ದು, ಯಾರೂ ತಪ್ಪು ತಿಳಿಯುವುದಿಲ್ಲ. ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಅಂಥವರು ಹೆಚ್ಚುವರಿ ಸಮಯವನ್ನು ಬರಹದಲ್ಲೇ ಕೇಳಬಹುದು. ಪರೀಕ್ಷೆಯ ಲಿಂಕ್ ಬರುವ ಮೊದಲೇ ಕೇಳಿ, ಟೈಮರ್ ಒಮ್ಮೆ ಶುರುವಾದ ಮೇಲೆ ಬದಲಿಸುವುದು ಕಷ್ಟ.